ಬಿಂಡಿಗನವಿಲೆಗೆ ಬಂದ ನಾಲೆ

ನನ್ನ ಕಣ್ಣಿಗೆ ಏನೋ ಆಗಿದೆ ಎಂಬ ವಿಷಯವನ್ನು ನಾನು ಎಂಟು ತಿಂಗಳು ಯಾರಿಗೂ ಹೇಳದೆ ಬಚ್ಚಿಟ್ಟಿದ್ದೆ. ಗಂಡನಿಗೂ ಹೇಳಿರಲಿಲ್ಲ. ಹಾಗೆ ಬಚ್ಚಿಡಲು ಪಟ್ಟ ಪಾಡನ್ನು ನೆನೆದರೆ ಈಗ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ.

ನಾನು ನಾಗಮಂಗಲದಲ್ಲಿ ನೋಂದಣಿ ಕಚೇರಿಯ ಎದುರಿನ ಸಾಲಿನಲ್ಲಿ ಕೂತು ಪತ್ರ ಟೈಪು ಮಾಡುವವಳು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಯಾವುದೇ ಇರಲಿ, ಭೂಮಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ನಡುವೆ ನನ್ನ ಹತ್ತು ಬೆರಳು ಇರುತ್ತವೆ. ಆ ಸಾಲಿನಲ್ಲಿ ಐದು ಅಂಗಡಿ ಇವೆ. ಐದರಲ್ಲಿ ಹೆಂಗಸು ನಾನೊಬ್ಬಳೇ. ಐದರಲ್ಲಿ ಹೆಚ್ಚು ಜನ ನಿಲ್ಲುವುದು ನನ್ನ ಅಂಗಡಿಯ ಮುಂದೆ ಎಂದರೆ ಜಂಬ ಎನ್ನುತ್ತೀರಿ. ಆದರೂ ಹೇಳುತ್ತೇನೆ, ನಿಜವಾದ್ದರಿಂದ.

ಅದಕ್ಕೆ ಕಾರಣ ಚೆಕ್ಕುಬಂದಿ. ಯಾವ ಜಮೀನಿನ ಪತ್ರವಾದರೂ ಅದರಲ್ಲಿ ನಾಲ್ಕು ಸಾಲು ಇರುತ್ತವೆ: ಪೂರ್ವಕ್ಕೆ ಏನಿದೆ, ಪಶ್ಚಿಮಕ್ಕೆ ಏನಿದೆ, ಉತ್ತರಕ್ಕೆ ಏನು, ದಕ್ಷಿಣಕ್ಕೆ ಏನು. ಇದೇ ಚೆಕ್ಕುಬಂದಿ. ಮಿಕ್ಕದ್ದೆಲ್ಲ ಹಳೆಯ ಕಾಲದ ಉದ್ದುದ್ದ ವಾಕ್ಯಗಳ ಅಲಂಕಾರ. ಈ ನಾಲ್ಕು ಸಾಲು ತಪ್ಪಿದರೆ ಮಾತ್ರ ಅಣ್ಣತಮ್ಮಂದಿರು ಬದುಕಿರುವ ತನಕ ಕೋರ್ಟಿನ ಮೆಟ್ಟಿಲು ಸವೆಸುತ್ತಾರೆ. “ಅಕ್ಕನ ಚೆಕ್ಕುಬಂದಿ ತಪ್ಪಾಕಿಲ್ಲ” ಎಂದು ಜನ ಸಂತೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಕೆ.ಆರ್. ಪೇಟೆಯ ಕಡೆಯಿಂದಲೂ ಈ ಮಾತು ಕೇಳಿಕೊಂಡು ಬಂದವರಿದ್ದಾರೆ.

ನಾನು ಕಲಿತದ್ದು ಶ್ರೀರಂಗಪಟ್ಟಣದಲ್ಲಿ. ನಮ್ಮದು ಅಲ್ಲಿಯ ದೇವಸ್ಥಾನದ ಸೇವೆಯ ಮನೆತನ. ನನಗೆ ಘಂಟೆ, ಮಂಗಳಾರತಿಗಿಂತ ಟೈಪ್‌ರೈಟರಿನ ಸದ್ದು ಹಿಡಿಸಿತು. ಟೈಪಿಂಗ್ ಮೇಷ್ಟ್ರು ನಮ್ಮ ಕೈಗಳ ಮೇಲೆ ಟವೆಲ್ಲು ಹೊದಿಸಿ ಅಕ್ಷರದ ಗುಂಡಿಗಳು ಕಾಣದ ಹಾಗೆ ಮಾಡುತ್ತಿದ್ದರು. ಬೆರಳಿಗೆ ದಾರಿ ಗೊತ್ತಿರಬೇಕು, ಕಣ್ಣು ಕಾಗದ ಬಿಟ್ಟು ಕದಲಬಾರದು ಎಂಬುದು ಅವರ ಕಟ್ಟಪ್ಪಣೆ. “ಇವಳನ್ನು ನೋಡಿ, ರೆಪ್ಪೆ ಕೂಡ ಬಡಿಯಲ್ಲ” ಎಂದು ಮೇಷ್ಟ್ರು ನನ್ನನ್ನು ತೋರಿಸಿ ಇತರರಿಗೆ ಹೇಳುತ್ತಿದ್ದರು. ಆ ಹೊಗಳಿಕೆಯನ್ನು ನಾನು ಮೂವತ್ತು ವರ್ಷ ಪದಕದ ಹಾಗೆ ಧರಿಸಿಕೊಂಡು ಓಡಾಡಿದೆ.

ಆ ಊರಿನಲ್ಲೇ ಒಬ್ಬ ಪತ್ರ ಬರಹಗಾರರ ಕೈಕೆಳಗೆ ಹನ್ನೆರಡು ವರ್ಷ ಕೆಲಸ ಮಾಡಿದೆ. ನಾನು ಸ್ವಂತವಾಗಿ ಮಾಡಿದ ಮೊದಲ ಪತ್ರ ಅರಕೆರೆಯ ಒಂದು ಗದ್ದೆಯದು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ನಾಲೆ. ಒಂದು ಅಕ್ಷರವನ್ನೂ ತಿದ್ದದೆ ಅದು ನೋಂದಣಿಯಾಯಿತು. ಆಮೇಲೆ ಶಾಲೆಯ ಮೇಷ್ಟರಾಗಿದ್ದ ನನ್ನ ಗಂಡನಿಗೆ ನಾಗಮಂಗಲಕ್ಕೆ ವರ್ಗವಾದಾಗ, ಕಂಪ್ಯೂಟರಿಗೆ ಏರಿಸಿಟ್ಟಿದ್ದ ಆ ಪತ್ರವನ್ನೂ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬಂದೆ. ನಮ್ಮ ಕಸುಬಿನಲ್ಲಿ ಯಾರೂ ಬರಿಯ ಪುಟದಿಂದ ಶುರು ಮಾಡುವುದಿಲ್ಲ. ಹಿಂದಿನ ಪತ್ರ ತೆರೆಯುವುದು, ಹೆಸರು, ಸರ್ವೆ ನಂಬರು, ಎಲ್ಲೆ ಬದಲಿಸುವುದು, ಬೇರೆ ಹೆಸರಿನಲ್ಲಿ ಉಳಿಸುವುದು. ಎಲ್ಲರೂ ಮಾಡುವುದು ಹೀಗೆಯೇ.

ಇನ್ನೊಂದು ಪದ್ಧತಿಯಿದೆ. ಪತ್ರ ಸಿದ್ಧವಾದ ಮೇಲೆ ಅದನ್ನು ಎರಡೂ ಕಡೆಯವರ ಮುಂದೆ ಗಟ್ಟಿಯಾಗಿ ಓದಬೇಕು. ಓದಿಸಿ, ಕೇಳಿ, ಸರಿಯೆಂದು ಒಪ್ಪಿ ರುಜು ಹಾಕಿದ್ದೇವೆ ಎಂದು ಪತ್ರದ ಕೊನೆಯಲ್ಲಿಯೇ ಬರೆದಿರುತ್ತದೆ. ನಾನು ಓದುತ್ತಿದ್ದೆ, ಒಳ್ಳೆ ದನಿಯಲ್ಲಿ, ಬೀದಿಗೆ ಕೇಳುವ ಹಾಗೆ. ದೇವಸ್ಥಾನದ ಮನೆಯ ಗಂಟಲು ಅಷ್ಟಾದರೂ ಕೆಲಸಕ್ಕೆ ಬಂತು.

ಕಣ್ಣಿನ ತೊಂದರೆ ಒಂದು ಬೇಸಿಗೆಯಲ್ಲಿ ಶುರುವಾಯಿತು. ಮಧ್ಯಾಹ್ನ ಮೂರರ ಹೊತ್ತಿಗೆ ರೆಪ್ಪೆಯ ಒಳಗೆ ಮರಳು ಹಾಕಿ ಉಜ್ಜಿದ ಹಾಗಾಗುತ್ತಿತ್ತು. ನಾಲ್ಕಕ್ಕೆ ಹುಬ್ಬಿನ ಮೇಲಿಂದ ತಲೆನೋವು ಏರುತ್ತಿತ್ತು. ಐದಕ್ಕೆ ಪರದೆಯ ಸಾಲುಗಳು ಒಂದರ ಮೇಲೊಂದು ಕೂತು, ಯಾವ ಸಾಲು ಎಲ್ಲಿ ಮುಗಿಯುತ್ತದೆ ಎಂದು ತಿಳಿಯುತ್ತಿರಲಿಲ್ಲ. ನಾನು ಮಾಡಿದ್ದೇನು? ಪರದೆಯ ಬೆಳಕನ್ನು ಪೂರ್ತಿ ಏರಿಸಿದೆ. ಮೂಗು ಪರದೆಗೆ ತಾಗುವಷ್ಟು ಮುಂದಕ್ಕೆ ಬಗ್ಗಿದೆ. ಒಂದು ಹಾಳೆಯಲ್ಲಿ ಹೆಚ್ಚು ಹಿಡಿಯಲಿ ಎಂದು ಅಕ್ಷರವನ್ನು ಚಿಕ್ಕದಾಗಿಯೇ ಇಟ್ಟುಕೊಂಡೆ. ಬುದ್ಧಿವಂತೆ ಎಂದು ಹೆಸರು ತೆಗೆದುಕೊಂಡವಳು ಮಾಡಿದ ಕೆಲಸ ಇದು.

ಯಾರಿಗಾದರೂ ಹೇಳೋಣವೆಂದರೆ ನಮ್ಮ ಸಾಲಿನ ಸಂಗತಿ ನನಗೆ ಗೊತ್ತು. ಅಕ್ಕನಿಗೆ ಕಣ್ಣು ಕಾಣಿಸುತ್ತಿಲ್ಲವಂತೆ ಎಂಬ ಒಂದು ಮಾತು ಬೆಳಿಗ್ಗೆ ಕಾಫಿ ಅಂಗಡಿಯಲ್ಲಿ ಬಿದ್ದರೆ, ಸಂಜೆಯೊಳಗೆ ನನ್ನ ಗಿರಾಕಿಗಳು ಪಕ್ಕದ ಬೆಂಚಿನ ಮೇಲೆ ಕೂತಿರುತ್ತಾರೆ. ಕನ್ನಡಕ ಹಾಕಿಕೊಂಡರೂ ಅದೇ ಕಥೆ ಎಂದು ನಂಬಿದ್ದೆ. ಹಾಗಾಗಿ ಮನೆಮದ್ದು. ನೆತ್ತಿಗೆ ಹರಳೆಣ್ಣೆ ತಟ್ಟಿದೆ. ಹೊನಗೊನ್ನೆ ಸೊಪ್ಪು ತಿಂದೆ, ಗಂಡನಿಗೂ ತಿನ್ನಿಸಿದೆ. ಭಾನುವಾರಗಳಲ್ಲಿ ನಂದಿಬಟ್ಟಲು ಹೂವನ್ನು ಕಣ್ಣಿನ ಮೇಲೆ ಇಟ್ಟುಕೊಂಡು ಮಲಗಿದೆ. ಹೂವು ತಂಪಾಗಿಯೇ ಇರುತ್ತಿತ್ತು. ಸೋಮವಾರ ಹೋಗಿ ಅದೇ ಕುರ್ಚಿಯಲ್ಲಿ ಕೂತರೆ ಮೂರು ಗಂಟೆಗೆ ಸರಿಯಾಗಿ ಮರಳು ಹಾಜರು.

ಸಂಜೆ ಮನೆಗೆ ಬಂದವಳೇ ವರ್ಷಗಳಿಂದ ಮುಚ್ಚಿಯೇ ಇದ್ದ ಪಡುವಣ ಕೋಣೆಯ ಕಿಟಕಿಯ ಮೇಲೆ ದಪ್ಪ ಬಟ್ಟೆ ಇಳಿಬಿಟ್ಟು, ಕಣ್ಣಿಗೆ ಒದ್ದೆ ಬಟ್ಟೆ ಹಾಕಿಕೊಂಡು ಬಿದ್ದುಕೊಳ್ಳುತ್ತಿದ್ದೆ. ತಲೆನೋವು ಎನ್ನುತ್ತಿದ್ದೆ. ಗಂಡ ಪಾಪ, ಸದ್ದಿಲ್ಲದೆ ಕಾಫಿ ಮಾಡಿಕೊಂಡು ಕುಡಿಯುತ್ತಿದ್ದರು.

ಇಷ್ಟೇ ಆಗಿದ್ದರೆ ನನ್ನ ಕಷ್ಟ ನನ್ನದು ಎಂದುಕೊಂಡು ಸುಮ್ಮನಿರಬಹುದಿತ್ತು. ಆದರೆ ನಾನು ಇನ್ನೊಂದು ಕೆಲಸ ಮಾಡಿದೆ. ಗಟ್ಟಿಯಾಗಿ ಓದುವುದನ್ನು ಬಿಟ್ಟುಬಿಟ್ಟೆ. ದಿನವಿಡೀ ಪರದೆಗೆ ಸೋತ ಕಣ್ಣಿಗೆ ಮತ್ತೆ ಆರು ಹಾಳೆ ಓದುವುದೆಂದರೆ ಶಿಕ್ಷೆಯಾಗಿತ್ತು. ಅಚ್ಚು ತೆಗೆದು ಕೈಗೆ ಕೊಟ್ಟು, “ಓದ್ಕೊಳ್ಳಿ, ಎಲ್ಲಾ ಸರಿಯಾಗಿದೆ” ಎನ್ನುತ್ತಿದ್ದೆ. ಓದು ಬಂದವರೂ ಓದುತ್ತಿರಲಿಲ್ಲ. ಅಕ್ಕನ ಚೆಕ್ಕುಬಂದಿ ತಪ್ಪುವುದಿಲ್ಲವಲ್ಲ! ರುಜು ಹಾಕಿ ಹೋಗುತ್ತಿದ್ದರು.

ಹೀಗಿರುವಾಗ ಬಿಂಡಿಗನವಿಲೆಯಿಂದ ಒಬ್ಬ ಮುದುಕ ಬಂದ. ಕುರಿ ಸಾಕಿ ಬದುಕಿದವನು, ಹೆಗಲ ಮೇಲೆ ಮಡಿಸಿದ ಕಂಬಳಿ. ತನ್ನ ಎರಡು ಎಕರೆ ಹೊಲವನ್ನು ಮಗಳಿಗೆ ದಾನವಾಗಿ ಬರೆದುಕೊಡಲು ಮಗಳನ್ನೇ ಜೊತೆಗೆ ಕರೆತಂದಿದ್ದ. ಮಳೆಯನ್ನೇ ನಂಬಿದ ರಾಗಿ ಹೊಲ. ಅವನು ಹೇಳಿದ ಎಲ್ಲೆಗಳನ್ನು ಚೀಟಿಯಲ್ಲಿ ಗುರುತು ಹಾಕಿಕೊಂಡೆ. ಹಿಂದಿನ ಪತ್ರ ತೆರೆದು, ಬದಲಿಸಿ, ಪರದೆಯ ಮೇಲೆ ಮೂರು ಸಲ ಕಣ್ಣಾಡಿಸಿ, ಅಚ್ಚು ತೆಗೆದು ಕೊಟ್ಟೆ.

“ಓದವ್ವ” ಎಂದ.

“ಎಲ್ಲಾ ಸರಿಯಾಗಿದೆ ಅಜ್ಜ. ಹೆಬ್ಬೆಟ್ಟು ಒತ್ತಿ.”

“ಓದವ್ವ ನೀನು.”

ಮಗಳಿಗೆ ಬಸ್ಸಿನ ಚಿಂತೆ. “ಒತ್ತಪ್ಪೋ, ಅಕ್ಕಾರು ಏಳ್ತಾವ್ರಲ್ಲ ಸರ್ಯಾಗೈತೆ ಅಂತ. ಬಸ್ಸೋಯ್ತದೆ.”

ಮುದುಕ ಕದಲಲಿಲ್ಲ. ನನ್ನ ಮುಖವನ್ನೇ ನೋಡಿ, “ಎಬ್ಬೆಟ್ಟು ನಂದು ಕಣವ್ವ, ಕಣ್ಣು ನಿಂದು. ನೀ ಓದು, ನಾ ಒತ್ತೀನಿ” ಎಂದ.

ನನಗೆ ಸಿಟ್ಟು ಬಂತು. ಹಾಳೆಯನ್ನು ಅವನ ಕೈಯಿಂದ ಕಿತ್ತುಕೊಂಡ ಹಾಗೆ ತೆಗೆದುಕೊಂಡು, ಬಾಗಿಲ ಬಳಿ ಹೋಗಿ ಓದತೊಡಗಿದೆ. ಮುದುಕ ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿದ. ಪೂರ್ವಕ್ಕೆ ಬಂಡಿ ದಾರಿ ಎಂದಾಗ ತಲೆಯಾಡಿಸಿದ. ಅವನ ಪಾದಗಳು ನೆಲದ ಮೇಲೆ ಮೆಲ್ಲಗೆ ಸರಿಯುತ್ತಿದ್ದವು. ಹೊಲದ ಸುತ್ತ ನಡೆಯುತ್ತಿದ್ದಾನೆ ಎಂದು ನನಗೆ ಆಮೇಲೆ ಹೊಳೆಯಿತು. ದಕ್ಷಿಣಕ್ಕೆ ತಮ್ಮನ ಹೊಲ, ತಲೆಯಾಡಿಸಿದ. ಪಶ್ಚಿಮಕ್ಕೆ ನಾಲೆ ಎಂದು ಓದಿದೆ. ಪಾದ ನಿಂತವು. ಕಣ್ಣು ಬಿಟ್ಟ.

“ಏನಂದೆ?”

ನಾನು ಹಾಳೆ ನೋಡಿದೆ. ನಾಲೆ ಎಂದೇ ಇತ್ತು.

“ನಾಲೇನಾ? ನಮ್ಮೂರ್ಗಾ? ಯಾವತ್ತವ್ವ ಬಂತು ನೀರು? ನೆನ್ನೆ ತಾನೆ ಆ ಕಡೀಕೆ ಕುರಿ ಒಡ್ಕಂಡೋಗಿದ್ದೆ, ಕಾಲು ನೆನೀನೇ ಇಲ್ವಲ್ಲ!”

ಬೀದಿಯಲ್ಲಿದ್ದವರೆಲ್ಲ ಗೊಳ್ಳೆಂದರು. “ಬುಡಜ್ಜೋ, ಯಾವ ಸರ್ಕಾರ್ವೂ ಮಾಡ್ನಿಲ್ಲ, ಅಕ್ಕ ಮಾಡವ್ರೆ. ಈ ವರ್ಸ ಬತ್ತ ನಾಟಿ ಆಕ್ಬುಡು!” ಎಂದು ಒಬ್ಬ ಕೂಗಿದ. ಮುದುಕನ ಮಗಳೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮುದುಕ ಮಾತ್ರ ನಗಲಿಲ್ಲ. ನನ್ನ ಕಣ್ಣುಗಳನ್ನು ಹತ್ತಿರದಿಂದ ನೋಡಿ, “ಕೆಂಪಗವೆ ಕಣವ್ವ. ತೋರ್ಸ್ಕೊಂಡ್ಯಾ ಯಾರ್ಗಾದ್ರೂವೆ?” ಎಂದ. ನಾನು ಒಳಗೆ ಹೋಗಿ, ನಾಲೆ ಇದ್ದ ಕಡೆ ಅವನ ದಾಯಾದಿಯ ಹೊಲವನ್ನು ಹಾಕಿ, ಬೇರೆ ಅಚ್ಚು ತೆಗೆದೆ. ಪೂರ್ತಿ ಓದಿದೆ. ಹೆಬ್ಬೆಟ್ಟು ಒತ್ತಿಸಿ ಕಳಿಸಿದೆ.

ಜನರ ನಗು ನನ್ನನ್ನು ಅಷ್ಟೇನೂ ನೋಯಿಸಲಿಲ್ಲ. ನಾಲೆ ಅರಕೆರೆಯ ಆ ಮೊದಲ ಪತ್ರದ್ದು ಎಂದು ನೋಡಿದ ಕೂಡಲೆ ಗೊತ್ತಾಗಿತ್ತು. ಹೇಗೆ ಹಾರಿ ಇಲ್ಲಿಗೆ ಬಂತು ಎಂದು ಯೋಚಿಸಲು ಹೋಗಲಿಲ್ಲ. ನನ್ನನ್ನು ಕೊರೆದದ್ದು ಬೇರೆ. ಪರದೆಯ ಮೇಲೆ ಮೂರು ಸಲ ನೋಡಿದ್ದೆ, ಮೂರು ಸಲವೂ ಆ ನಾಲೆ ನನಗೆ ಕಂಡಿರಲಿಲ್ಲ. ಎಂಟು ತಿಂಗಳಲ್ಲಿ ಓದದೆ ಕೊಟ್ಟ ಪತ್ರಗಳೆಷ್ಟು? ಅವುಗಳಲ್ಲಿ ಎಷ್ಟು ನಾಲೆ ಹರಿದಿವೆ? ಯಾವ ಊರಿನ ಯಾವ ಹೆಂಗಸಿನ ದಾರಿ ನನ್ನ ಕೈಯಿಂದ ಅಳಿಸಿಹೋಗಿದೆ? ಕಣ್ಣು ನಿಂದು ಎಂದು ಮುದುಕ ಹೇಳಿದ್ದ. ಓದು ಬಾರದ ಅಷ್ಟೊಂದು ಜನ ನನ್ನ ಕಣ್ಣನ್ನು ನಂಬಿ ಹೆಬ್ಬೆಟ್ಟು ಒತ್ತಿದ್ದರು. ಆ ಕಣ್ಣು ನಂಬಿಕೆಗೆ ತಕ್ಕದ್ದಲ್ಲದಿದ್ದರೆ ಆ ಕುರ್ಚಿಯಲ್ಲಿ ಕೂರುವ ಹಕ್ಕು ನನಗಿಲ್ಲ. ಭಯವಾಯಿತು. ನಾನು ಭಯಪಡುವ ಜಾತಿಯವಳಲ್ಲ, ಆದರೂ ಆಯಿತು.

ಮಾರನೆಯ ದಿನ ಅಂಗಡಿ ಮುಚ್ಚಿ ಪಾಂಡವಪುರದ ಬಸ್ಸು ಹತ್ತಿದೆ. ಕಣ್ಣಿನ ಡಾಕ್ಟರು ಮಂಡ್ಯದಲ್ಲೂ ಇದ್ದಾರೆ. ಆದರೆ ಮಂಡ್ಯದ ಬಸ್ಸಿನಲ್ಲಿ ಅರ್ಧ ಬಸ್ಸು ನನ್ನ ಗಿರಾಕಿಗಳೇ ಇರುತ್ತಾರೆ. ಪಾಂಡವಪುರದಲ್ಲಾದರೆ ನನ್ನ ಗುರುತು ಯಾರಿಗಿದೆ ಎಂದುಕೊಂಡು ಆಸ್ಪತ್ರೆಯ ಬೆಂಚಿನಲ್ಲಿ ಕೂತೆ. ಪಕ್ಕದಲ್ಲಿ ಕಪ್ಪು ಕನ್ನಡಕದ ಗಂಡಸೊಬ್ಬ ಆ ಕಡೆ ತಿರುಗಿ ಕೂತಿದ್ದ. ಆ ಬೋಳುತಲೆ ಎಲ್ಲೋ ಕಂಡಿದೆಯಲ್ಲ ಎನಿಸಿತು. ನಮ್ಮ ಸಾಲಿನ ಮೂರನೆಯ ಅಂಗಡಿಯ ಟೈಪಿಸ್ಟು! ಹತ್ತು ವರ್ಷದಿಂದ ಒಬ್ಬರ ಗಿರಾಕಿಯನ್ನು ಒಬ್ಬರು ಎಳೆದುಕೊಳ್ಳುತ್ತ ಬಂದವರು ನಾವು. ಸ್ಟೇಪ್ಲರ್ ಪಿನ್ನು ಕೇಳುವುದು ಬಿಟ್ಟರೆ ನಮ್ಮಲ್ಲಿ ಮಾತಿರಲಿಲ್ಲ.

“ಏನಕ್ಕಾ, ನೀವಿಲ್ಲಿ?” ಎಂದರು.

“ಚಿನಕುರಳಿಗೆ ನೆಂಟರ ಮನೆಗೆ ಬಂದಿದ್ದೆ. ಹಾಗೇ...”

“ನಾನೂವೆ ಚಿನಕುರಳಿಗೇ ಬಂದಿದ್ದೆ. ಮನೆ ಪಾಯಕ್ಕೆ ಕಲ್ ನೋಡವ ಅಂತ. ಅಂಗೇಯ...”

ಅಷ್ಟರಲ್ಲಿ ನರ್ಸು ಹೊರಗೆ ಬಂದು, “ಕಂಪ್ಯೂಟರ್ ಕಣ್ಣುರಿ ಅಂತ ನಾಗಮಂಗಲದಿಂದ ಬಂದಿರೋರು ಇಬ್ರೂ ಬನ್ನಿ” ಎಂದು ಇಡೀ ವರಾಂಡಕ್ಕೆ ಕೇಳುವ ಹಾಗೆ ಕರೆದಳು. ನಾವು ಒಬ್ಬರ ಮುಖ ಒಬ್ಬರು ನೋಡದೆ ಎದ್ದೆವು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ದೀಪ ಹಿಡಿದು, ಅಕ್ಷರ ಓದಿಸಿ, ಗಾಜು ಬದಲಿಸಿ ಎಲ್ಲ ನೋಡಿದ ಮೇಲೆ, “ನೀವು ಕೂರೋ ಜಾಗ ಹೇಗಿದೆ ಹೇಳಿ” ಎಂದಳು. ನನಗೆ ಹೇಳಲು ಬರುವುದು ಒಂದೇ ರೀತಿ. “ಪಶ್ಚಿಮಕ್ಕೆ ಬಾಗಿಲು, ಅದರಾಚೆ ಸೂರ್ಯ. ಪೂರ್ವಕ್ಕೆ ಗೋಡೆ, ಗೋಡೆಗೆ ಒತ್ತಿಕೊಂಡು ಕಂಪ್ಯೂಟರು. ಉತ್ತರಕ್ಕೆ ಟೇಬಲ್ ಫ್ಯಾನು, ನನ್ನ ಮುಖಕ್ಕೇ. ದಕ್ಷಿಣಕ್ಕೆ ಜೆರಾಕ್ಸು ಮಿಷನ್ನು” ಎಂದೆ. ಅವಳು ನಕ್ಕುಬಿಟ್ಟಳು. ಬಾಗಿಲಿಗೆ ಬೆನ್ನು ಮಾಡಿ ಏಕೆ ಕೂರುತ್ತೀರಿ ಎಂದು ಕೇಳಿದಳು. ಜನ ನನ್ನ ಬೆನ್ನ ಹಿಂದೆ ನಿಂತು ತಮ್ಮ ಹೆಸರು ಪರದೆಯ ಮೇಲೆ ಮೂಡುವುದನ್ನು ನೋಡಬೇಕು, ನೋಡದಿದ್ದರೆ ಅವರಿಗೆ ಸಮಾಧಾನವಿಲ್ಲ ಎಂದೆ.

“ಹಾಗಾದ್ರೆ ಮಧ್ಯಾಹ್ನದ ಬಿಸಿಲೆಲ್ಲ ನಿಮ್ಮ ಪರದೆ ಮೇಲೆ. ಅದನ್ನ ಗೆಲ್ಲೋಕೆ ನೀವು ಬೆಳಕು ಏರಿಸ್ತೀರಿ. ಫ್ಯಾನು ಕಣ್ಣು ಒಣಗಿಸುತ್ತೆ. ರೆಪ್ಪೆ ಬಡೀತೀರಾ?”

“ನಾನು ಟೈಪು ಮಾಡುವಾಗ ರೆಪ್ಪೆ ಬಡಿಯೋದೇ ಇಲ್ಲ” ಎಂದೆ, ಹೆಮ್ಮೆಯಿಂದ. ಮೂವತ್ತು ವರ್ಷದ ಪದಕ ಅದು.

“ಅದೇ ಆಗಿರೋದು ನಿಮಗೆ. ನಿಮ್ಮ ಕಣ್ಣು ಚೆನ್ನಾಗಿದೆ ಅಮ್ಮ. ವಯಸ್ಸಿಗೆ ಬರೋ ಚಾಳೀಸು ಬಂದಿದೆ, ಅದಕ್ಕೆ ಕನ್ನಡಕ ಕೊಡ್ತೀನಿ. ಮಿಕ್ಕಿದ್ದೆಲ್ಲ ನೀವೇ ಮಾಡ್ಕೊಂಡಿರೋದು, ನೀವೇ ಸರಿ ಮಾಡ್ಕೋಬಹುದು.”

ಒಂದೊಂದಾಗಿ ಹೇಳಿದಳು. ಬಾಗಿಲು ಪಕ್ಕಕ್ಕೆ ಬರುವ ಹಾಗೆ ಮೇಜು ತಿರುಗಿಸಬೇಕು. ಪರದೆ ಒಂದು ಕೈಯಳತೆ ದೂರದಲ್ಲಿ, ಕಣ್ಣಿನ ಮಟ್ಟಕ್ಕಿಂತ ಕೊಂಚ ಕೆಳಗಿರಬೇಕು. ಅದರ ಬೆಳಕು ಪಕ್ಕದಲ್ಲಿಟ್ಟ ಬಿಳಿ ಹಾಳೆಯಷ್ಟೇ ಇರಲಿ, ದೀಪದ ಹಾಗೆ ಉರಿಯಬಾರದು. ಅಕ್ಷರ ದೊಡ್ಡದಾಗಲಿ. ಬೇಕೆಂದೇ ರೆಪ್ಪೆ ಬಡಿಯಿರಿ. “ಇಪ್ಪತ್ತು ನಿಮಿಷಕ್ಕೊಂದು ಸಲ ತಲೆ ಎತ್ತಿ, ಇಪ್ಪತ್ತು ಅಡಿಗಿಂತ ಆಚೆ ಇರೋದನ್ನ ಸ್ವಲ್ಪ ಹೊತ್ತು ನೋಡಿ” ಎಂದಳು.

“ನಮ್ಮ ಬೀದಿಯೇ ಅಷ್ಟಗಲ ಇಲ್ಲ. ಎದುರಿಗೆ ಕಚೇರಿಯ ಗೋಡೆ” ಎಂದೆ.

“ಸಂಜೆ ಮನೇಲಿ?”

“ಮನೆಯಲ್ಲಿ ಕಿಟಕಿ ಮುಚ್ಚಿ ಕತ್ತಲೆಯಲ್ಲಿ ಮಲಗ್ತೀನಿ. ದೂರ ನೋಡೋಕೆ ಅಲ್ಲೂ ಜಾಗ ಇಲ್ಲ.”

“ಕಣ್ಣಿಗೆ ಬೇಕಾಗಿರೋದು ದೂರ ಅಮ್ಮ, ಕತ್ತಲೆ ಅಲ್ಲ” ಎಂದು ಚೀಟಿ ಬರೆದು ಕೊಟ್ಟಳು.

ಬಸ್ಸಿನಲ್ಲಿ ಬರುವಾಗ ಟೈಪ್‌ರೈಟರು ನೆನಪಾಯಿತು. ಆ ಯಂತ್ರದಲ್ಲಿ ಪ್ರತಿ ಸಾಲಿನ ಕೊನೆಗೆ ಒಂದು ಗಂಟೆ ಟಿಣ್ ಎನ್ನುತ್ತಿತ್ತು. ಕೈಯೆತ್ತಿ ಉರುಳೆಯನ್ನು ತಳ್ಳಬೇಕಿತ್ತು. ತಳ್ಳುವಾಗ ತಲೆ ತಾನಾಗಿ ಏಳುತ್ತಿತ್ತು, ಕಿಟಕಿಯಾಚೆ ಕೋಟೆಯ ಗೋಡೆ ಕಾಣುತ್ತಿತ್ತು. ಮೇಷ್ಟ್ರು ಕಣ್ಣು ಕದಲಬಾರದು ಎಂದರೂ ಯಂತ್ರವೇ ಸಾಲಿಗೊಮ್ಮೆ ರಜೆ ಕೊಡುತ್ತಿತ್ತು. ಕಂಪ್ಯೂಟರಿಗೆ ಗಂಟೆ ಇಲ್ಲ. ಬೆಳಿಗ್ಗೆ ಹತ್ತಕ್ಕೆ ಒಳಗೆ ಬಿದ್ದ ಕಣ್ಣನ್ನು ಹೊರಗೆ ಕರೆಯುವವರು ಯಾರೂ ಇಲ್ಲ.

ಪಕ್ಕದ ಸೀಟಿನಲ್ಲಿದ್ದ ಟೈಪಿಸ್ಟು ಆಗ ಬಾಯಿಬಿಟ್ಟರು. “ನಂದು ಎರಡು ವರ್ಸ ಆಯ್ತಕ್ಕ. ಕನ್ನಡ್ಕ ಡ್ರಾನಲ್ಲಿ ಮಡಗಿವ್ನಿ. ಗಿರಾಕಿ ಇಲ್ದಾಗ ಆಕ್ಕತೀನಿ.” ನಾನು ಬಿಂಡಿಗನವಿಲೆಯ ನಾಲೆಯ ಕಥೆ ಹೇಳಿದೆ. “ಗೊತ್ತು. ನಾನೇ ಅಲ್ವ ನಾಟಿ ಆಕು ಅಂತ ಕೂಗಿದ್ದು” ಎಂದರು. ಬಯ್ಯಬೇಕೆಂದು ಬಾಯಿ ತೆರೆದವಳಿಗೆ ನಗು ಬಂದುಬಿಟ್ಟಿತು. ಊರು ಸೇರುವಷ್ಟರಲ್ಲಿ ಒಂದು ಒಪ್ಪಂದವಾಗಿತ್ತು: ನನ್ನ ಎಂಟು ತಿಂಗಳ ಪತ್ರಗಳನ್ನು ಇಬ್ಬರೂ ಕೂತು ಪರೀಕ್ಷಿಸುವುದು, ಆಮೇಲೆ ಅವರದನ್ನು.

ಗಂಡನಿಗೆ ಅಂದೇ ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ. “ಹೊನಗೊನ್ನೆ ಸೊಪ್ಪು ಇನ್ನು ಮಾಡಲ್ಲ ತಾನೆ?” ಎಂದು ಮಾತ್ರ ಕೇಳಿದರು.

ಅಂಗಡಿಯಲ್ಲಿ ಮೇಜು ತಿರುಗಿತು. ಬಾಗಿಲು ಎಡಕ್ಕೆ ಬಂತು, ಅದಕ್ಕೊಂದು ಚಾಪೆಯ ಪರದೆ ಬಂತು. ಫ್ಯಾನು ಬೆಂಚಿನ ಕಡೆ ಮುಖ ಮಾಡಿತು, ಗಿರಾಕಿಗಳು ಹರಸಿದರು. ಕನ್ನಡಕ ಹಾಕಿಕೊಂಡು ಕೂತ ಮೊದಲ ದಿನ ಬಾಗಿಲ ಕಡೆ ತಲೆ ಎತ್ತದೆ ಹಾಳೆ ಜೋಡಿಸುತ್ತಿದ್ದೆ. ಮೊದಲು ಬಂದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಈಗ ನೀವು ಸರ್ಯಾಗಿ ಲಾಯರಮ್ಮನಂಗೆ ಕಾಣ್ತೀರಿ ಬುಡಿ” ಎಂದಳು. ಎಂಟು ತಿಂಗಳು ನಾನು ಹೆದರಿದ್ದು ಇದಕ್ಕೆ!

ಹೆಸರು ನೋಡಬೇಕೆನ್ನುವವರಿಗೆ ಈಗ ಪರದೆ ತೋರಿಸುವುದಿಲ್ಲ. ಮೊದಲು ಒರಟು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚು ತೆಗೆದು, ಬಾಗಿಲಲ್ಲಿ ನಿಂತು ಓದುತ್ತೇನೆ. ಅವರು ಕಣ್ಣು ಮುಚ್ಚಿ ಕೇಳಬೇಕು, ಅದು ನನ್ನ ಕಟ್ಟಪ್ಪಣೆ. ಅದಕ್ಕೂ ಮುಂಚೆ, ಅವರು ಚೆಕ್ಕುಬಂದಿ ಹೇಳಿ ಬರೆಸುವಾಗ ನಾನೂ ಕಣ್ಣು ಮುಚ್ಚಿಕೊಳ್ಳುತ್ತೇನೆ. ಅವರು ಮೂಡ್ಲಾಗೆ ಕಟ್ಟೆ ಎಂದರೆ ಕಟ್ಟೆಯ ಮೇಲೆ ನಿಲ್ಲುತ್ತೇನೆ, ತೆಂಕ್ಲಾಗೆ ದಾರಿ ಎಂದರೆ ದಾರಿಗೆ ಇಳಿಯುತ್ತೇನೆ. ಬೆರಳು ತಮ್ಮ ಪಾಡಿಗೆ ಟೈಪು ಮಾಡುತ್ತಿರುತ್ತವೆ. ಟವೆಲ್ಲಿನ ಕೆಳಗೆ ಕಲಿತ ಬೆರಳಿಗೆ ಕಣ್ಣು ಯಾವತ್ತೂ ಬೇಕಿರಲಿಲ್ಲ. ಅಷ್ಟು ಹೊತ್ತು ಕಣ್ಣಿಗೆ ವಿಶ್ರಾಂತಿ. ಮೂರು ಗಂಟೆಯ ಮರಳು ವಾರದಿಂದ ವಾರಕ್ಕೆ ಕಡಿಮೆಯಾಯಿತು.

ಹಳೆಯ ಪತ್ರಗಳ ಪರೀಕ್ಷೆಗೆ ಕಚೇರಿಯ ಊಟದ ಹೊತ್ತು ಗೊತ್ತುಮಾಡಿಕೊಂಡೆವು. ಎರಡು ರಟ್ಟಿನ ಪೆಟ್ಟಿಗೆಯ ತುಂಬ ನಕಲುಗಳು. ಮೂಲ ದಾಖಲೆಯಲ್ಲಿದ್ದ ಎಲ್ಲೆಯನ್ನು ಅವರು ಓದುತ್ತಿದ್ದರು, ನಾನು ಕಣ್ಣು ಮುಚ್ಚಿ ಕೇಳಿ ಮನಸ್ಸಿನಲ್ಲಿ ಆ ಹೊಲ ಸುತ್ತುತ್ತಿದ್ದೆ. ಆಮೇಲೆ ನಾನು ಬರೆದದ್ದನ್ನು ಓದುತ್ತಿದ್ದರು, ಮತ್ತೊಂದು ಸಲ ಸುತ್ತುತ್ತಿದ್ದೆ. ಎಡವಿದರೆ ನಿಲ್ಲಿಸಬೇಕು. ಒಂದೊಂದು ಪತ್ರ ಸರಿಯಾಗಿದೆ ಎಂದಾಗಲೂ ಒಂದೊಂದು ಕಲ್ಲು ಎದೆಯಿಂದ ಇಳಿಯುತ್ತಿತ್ತು. ಒಂದು ಪೆಟ್ಟಿಗೆ ಮುಗಿಯಿತು. ಎರಡನೆಯದೂ ಮುಗಿಯಿತು. ಎಲ್ಲಿಯೂ ಎಡವಲಿಲ್ಲ. ನಾನು ಕುರ್ಚಿಯಲ್ಲಿ ಬೆನ್ನು ಚಾಚಿ, “ನೋಡಿದ್ರಾ? ಕಣ್ಣುರಿಯಲ್ಲೂ ನನ್ನ ಕೈ ತಪ್ಪಿಲ್ಲ” ಎಂದೆ.

“ಒಂದು ಬಾಕಿ ಐತಲ್ಲಕ್ಕ. ನಿಮ್ ಮನೇದು.”

ನಾವು ಆರು ವರ್ಷದಿಂದ ಬಾಡಿಗೆಗಿದ್ದ ಮನೆಯನ್ನು, ಬಿಂಡಿಗನವಿಲೆಯ ಮುದುಕ ಬರುವುದಕ್ಕೆ ಒಂದು ವಾರ ಮುಂಚೆ ಕೊಂಡುಕೊಂಡಿದ್ದೆವು. ಆ ಪತ್ರ ಮನೆಯ ಬೀರುವಿನಲ್ಲಿತ್ತು.

“ಅದರಲ್ಲೇನು ತಪ್ಪು ಇರುತ್ತೆ? ನಾನೇ ಟೈಪು ಮಾಡಿರೋದು.”

“ಎಲ್ಲಾನೂ ನೀವೇ ಅಲ್ವ ಮಾಡಿರೋದು” ಎಂದರು.

ಮಾರನೆಯ ದಿನ ತಂದುಕೊಟ್ಟೆ. ನಾನು ಕಣ್ಣು ಮುಚ್ಚಿದೆ. 'ಪೂರ್ವಕ್ಕೆ ಬೀದಿ' ಎಂದು ಓದಿದರು. ನಮ್ಮ ಜಗಲಿಯಿಂದ ಬೀದಿಗೆ ಇಳಿದೆ. 'ಉತ್ತರಕ್ಕೆ ಓಣಿ.' ಹಿತ್ತಲ ಬಾಗಿಲಿನಿಂದ ಓಣಿಗೆ ಬಂದೆ. 'ದಕ್ಷಿಣಕ್ಕೆ ಪಕ್ಕದ ಮನೆಯ ಗೋಡೆ.' ಸರಿ. ಅವರು ಓದುವುದನ್ನು ನಿಲ್ಲಿಸಿದರು. ಏನಾಯಿತು, ಓದಿ ಎಂದೆ.

“ಪಶ್ಚಿಮಕ್ಕೆ ನಾಲೆ” ಎಂದರು. ಈ ಸಲ ಅವರು ನಗಲಿಲ್ಲ.

ಆಗ ಎಲ್ಲ ಹೊಳೆಯಿತು. ಸ್ವಂತ ಮನೆಯ ಪತ್ರ ಎಂದು, ಶುಭವಾಗಲಿ ಎಂದು, ನನಗೆ ಒಳ್ಳೆಯದು ಮಾಡಿದ ಅರಕೆರೆಯ ಮೊದಲ ಪತ್ರವನ್ನೇ ತೆರೆದು ಅದರ ಮೇಲೆ ಬರೆದಿದ್ದೆ. ಮೂರು ಎಲ್ಲೆ ಬದಲಿಸಿದ ಕಣ್ಣಿಗೆ ನಾಲ್ಕನೆಯದು ಕಂಡಿರಲಿಲ್ಲ. ಮನೆ ಮಾರಿದ ಅಜ್ಜಿ ನೀನೇ ಬರೆದಿದ್ದೀಯಲ್ಲವ್ವ ಎಂದು ಓದಿಸಿ ಕೇಳಿರಲಿಲ್ಲ. ಗಂಡನೂ ಕೇಳಿರಲಿಲ್ಲ. ಒಂದು ವಾರದ ಮೇಲೆ ಮುದುಕನ ದಾನಪತ್ರಕ್ಕೆ ಅದನ್ನೇ ತೆರೆದಿದ್ದೆ. ಅರಕೆರೆಯ ನಾಲೆ ನನ್ನ ಮನೆಯ ಹಿಂದಿನಿಂದ ಹರಿದು ಬಿಂಡಿಗನವಿಲೆಗೆ ಹೋಗಿತ್ತು.

“ಚಿಂತೆ ಮಾಡ್ಬ್ಯಾಡಿ. ತಿದ್ದುಪಡಿ ಪತ್ರ ಒಂದು ಮಾಡಿದ್ರಾಯ್ತು, ಅಜ್ಜಿ ಬಂದು ರುಜು ಆಕ್ತಾರೆ. ನಾನೇ ಟೈಪ್ ಮಾಡ್ತೀನಿ” ಎಂದು ಕಾಗದ, ಪೆನ್ನು ಎಳೆದುಕೊಂಡರು. “ಏಳಿ, ಪಡುವ್ಲಾಗೆ ಏನೈತೆ?”

ನಾನು ಮತ್ತೆ ಕಣ್ಣು ಮುಚ್ಚಿದೆ. ಬಿಂಡಿಗನವಿಲೆಯ ಹೊಲ ಸುತ್ತಬಲ್ಲವಳು, ಕಾಣದ ಎಷ್ಟೋ ಊರಿನ ಬದುಗಳ ಮೇಲೆ ನಡೆದವಳು, ನನ್ನ ಮನೆಯ ಪಡುವಣ ಕೋಣೆಗೆ ಹೋಗಿ ನಿಂತೆ. ಎದುರಿಗೆ ಮುಚ್ಚಿದ ಕಿಟಕಿ, ಅದರ ಮೇಲೆ ನಾನೇ ಇಳಿಬಿಟ್ಟ ದಪ್ಪ ಬಟ್ಟೆ. ನಾವು ಬಂದ ಹೊಸತರಲ್ಲಿ ಆಚೆ ಒಂದು ಹಳೆಯ ಮಣ್ಣಿನ ಗೋಡೆ ಇತ್ತು, ನೋಡಲು ಏನಿದೆ ಎಂದು ಆ ಕಿಟಕಿ ತೆರೆಯುವುದನ್ನೇ ಬಿಟ್ಟಿದ್ದೆವು. ಈಗ? ಏನೂ ಕಾಣಲಿಲ್ಲ.

“ಗೊತ್ತಿಲ್ಲ” ಎಂದೆ. ನನ್ನ ಜೀವಮಾನದಲ್ಲಿ ಚೆಕ್ಕುಬಂದಿಯ ವಿಷಯದಲ್ಲಿ ಆ ಮಾತನ್ನು ಅಂದು ಮೊದಲ ಸಲ ಆಡಿದೆ. ಅಂಗಡಿಯನ್ನು ಅವರಿಗೆ ನೋಡಿಕೊಳ್ಳಲು ಹೇಳಿ ಮನೆಗೆ ನಡೆದೆ.

ಬಟ್ಟೆ ಕಿತ್ತೆಸೆದು, ಚಿಲಕ ಗುದ್ದಿ, ಕಿಟಕಿ ತೆರೆದೆ. ಮಣ್ಣಿನ ಗೋಡೆ ಯಾವ ಮಳೆಗೋ ಕರಗಿ ನೆಲ ಸೇರಿತ್ತು. ಅದರಾಚೆ ರಾಗಿ ಕೊಯ್ದ ಹೊಲ, ಹೊಲದ ಅಂಚಿಗೆ ಒಂದು ಹುಣಸೆಮರ, ಮರದ ಕೆಳಗೆ ಕುರಿಗಳು, ಅವುಗಳಾಚೆ ಬಯಲು, ಬಯಲಿನ ತುದಿಗೆ ನೀಲಿ ಬೆಟ್ಟ. ಇಪ್ಪತ್ತು ಅಡಿಯಲ್ಲ, ಎಷ್ಟು ಮೈಲಿಯೋ. ದೂರ ನೋಡಲು ಜಾಗವಿಲ್ಲ ಎಂದು ಡಾಕ್ಟರಿಗೆ ಹೇಳಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು. ಅದರ ಬೆನ್ನಿಗೇ ಹೇಳಲಾರದಷ್ಟು ಸಂತೋಷವೂ ಆಯಿತು. ಇಷ್ಟೆಲ್ಲ ಇರುವ ಕಡೆಗೆ ನಾನು ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದೆ.

ಫೋನು ಮಾಡಿದೆ. “ಬರ್ಕೊಳ್ಳಿ. ಪಶ್ಚಿಮಕ್ಕೆ ರಾಗಿ ಹೊಲ. ಯಾರದು ಅಂತ ಪಕ್ಕದ ಮನೆಯವರನ್ನ ಕೇಳಿ ಹೇಳ್ತೀನಿ.”

“ಅಷ್ಟೇನಾ?”

“ಇನ್ನೂ ಇದೆ. ಬೆಟ್ಟ ಇದೆ. ಅದನ್ನ ಬರೀಬೇಡಿ, ನಮ್ಮ ಎಲ್ಲೆಗೆ ಬರಲ್ಲ.”

ಅಂದು ಮಧ್ಯಾಹ್ನ ನಾನು ಅಂಗಡಿಗೆ ಹಿಂತಿರುಗಿದ್ದು ತಡವಾಗಿ.